ಕಾರವಾರ ಕಡಲತೀರದಲ್ಲಿ ರೆಸ್ಲಿಂಗ್: ಆರು ಪಂದ್ಯ, ಒಂದು ಒದ್ದೆ ರಿಂಗು

ಟಿಕೆಟ್ಟಿಗೆ ಕೊಟ್ಟ ದುಡ್ಡು ದಂಡವಾಗಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಟ್ಯಾಗೋರ್ ಕಡಲತೀರದಲ್ಲಿ, ಮಯೂರವರ್ಮ ವೇದಿಕೆಯ ಎದುರಿನ ಬಯಲಲ್ಲಿ ಸಂಚಾರಿ ತಂಡವೊಂದು ಶನಿವಾರ ರಾತ್ರಿ ನಡೆಸಿದ ರೆಸ್ಲಿಂಗ್ ಪ್ರದರ್ಶನದಲ್ಲಿ ಇದ್ದದ್ದು ಆರು ಪಂದ್ಯ, ಎರಡೂವರೆ ತಾಸು. ಸೋಲು ಗೆಲುವು ಮೊದಲೇ ಗೊತ್ತುಮಾಡಿಕೊಂಡು, ಎದುರಾಳಿಗಳು ಸೇರಿ ಕಥೆಯಂತೆ ಆಡಿ ತೋರಿಸುವ ಆಟ ಇದು. ನಾಲ್ಕನೆಯ ಪಂದ್ಯ ಮತ್ತು ಕೊನೆಯದು ಯಾವ ಊರಲ್ಲಿ ನಡೆದಿದ್ದರೂ ಜನ ಎದ್ದು ನಿಂತು ನೋಡುವಂಥವು. ಮೂರನೆಯದು ಸೊಗಸಾಗಿತ್ತು, ಬೇಗ ಮುಗಿಯಿತು. ಉಳಿದ ಮೂರು ಹದಗೆಟ್ಟವು. ಆ ತಪ್ಪಿನಲ್ಲಿ ದೊಡ್ಡ ಪಾಲು ಆಡಿದ ಹುಡುಗರದ್ದಲ್ಲ, ರಿಂಗ್ ಕಟ್ಟಿದವರದ್ದು. ಹಾಗಾಗಿ ರಿಂಗಿನ ಮಾತು ಮೊದಲು.

ರಿಂಗ್ 18 ಅಡಿ ಚೌಕದ್ದು. ಟಿವಿಯಲ್ಲಿ ಕಾಣುವ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಬಳಸುವುದು 20 ಅಡಿಯದ್ದು. ತಿರುಗಾಟದ ಸಣ್ಣ ತಂಡಗಳು ಸಾಗಾಟಕ್ಕೆ ಸುಲಭವೆಂದು 16 ಅಥವಾ 18 ಅಡಿಗೆ ನಿಲ್ಲುತ್ತವೆ. ಉಕ್ಕಿನ ತೊಲೆಗಳ ಚೌಕಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಸುಮಾರು ಒಂದು ಇಂಚಿನ ಫೋಮ್, ಅದರ ಮೇಲೆ ಅಂಚಿಗೆ ಹಗ್ಗ ಪೋಣಿಸಿ ಕೆಳಗಿನಿಂದ ಜಗ್ಗಿ ಕಟ್ಟಿದ ಕ್ಯಾನ್ವಾಸ್. ದೂರಕ್ಕೆ ಹಾಸಿಗೆಯಂತೆ ಕಾಣುತ್ತದೆ, ಬಿದ್ದವನ ಬೆನ್ನಿಗೆ ಮಾತ್ರ ಅದು ಹಲಗೆಯೇ. ಧಡ್ಡೆನ್ನುವ ಸದ್ದು ಹಲಗೆಯಡಿಯ ಟೊಳ್ಳು ಜಾಗದ್ದು. ಈ ತಂಡದ ಚೌಕಟ್ಟು ಗಟ್ಟಿಮುಟ್ಟಾಗಿತ್ತು, ಸದ್ದು ಕೊನೆಯ ಸಾಲಿಗೂ ಚೆನ್ನಾಗಿ ಕೇಳಿತು. ಎಡವಟ್ಟಾದದ್ದು ನೆಲದಲ್ಲಿ. ಉಸುಕಿನ ಮೇಲೆ ಕಂಬ ನಿಲ್ಲಿಸುವಾಗ ಪ್ರತಿ ಪಾದದಡಿಗೆ ಅಗಲವಾದ ಹಲಗೆಯನ್ನೋ ದಪ್ಪ ಕಬ್ಬಿಣದ ತಗಡನ್ನೋ ಕೊಡಬೇಕು. ಇಲ್ಲದಿದ್ದರೆ ಭಾರವೆಲ್ಲ ಅಂಗೈಯಗಲದ ಜಾಗಕ್ಕೆ ಬಿದ್ದು ಕಂಬ ಕೆಳಗಿಳಿಯುತ್ತದೆ. ಇಲ್ಲಿ ಮೂರು ಮೂಲೆಗೆ ಹಲಗೆ ಇತ್ತು, ಸಮುದ್ರದ ಕಡೆಯ ಒಂದು ಮೂಲೆಗೆ ಇಟ್ಟಿಗೆ ತುಂಡು. ಎರಡನೆಯ ಪಂದ್ಯ ಮುಗಿಯುವಷ್ಟರಲ್ಲಿ ಆ ಮೂಲೆ ಎರಡು ಬೆರಳಷ್ಟು ತಗ್ಗಿತ್ತು. ಕಟ್ಟಿದ ಕೂಡಲೇ ಒಮ್ಮೆ, ನಾಲ್ಕು ಜನ ಮೇಲೆ ಹತ್ತಿ ಜಿಗಿದ ಮೇಲೆ ಇನ್ನೊಮ್ಮೆ ರಸಮಟ್ಟ ಇಟ್ಟು ನೋಡಿದ್ದರೆ ಜನ ಬರುವ ಮೊದಲೇ ಇದು ತಿಳಿಯುತ್ತಿತ್ತು.

ಅದಕ್ಕಿಂತ ದೊಡ್ಡ ವೈರಿ ಇಬ್ಬನಿ. ಚಳಿಗಾಲದಲ್ಲಿ ಮೋಡವಿಲ್ಲದ ರಾತ್ರಿ, ಗಾಳಿ ನಿಂತಾಗ, ತೆರೆದ ಆಕಾಶಕ್ಕೆ ಮುಖಮಾಡಿದ ಬಟ್ಟೆ ಸುತ್ತಲಿನ ಗಾಳಿಗಿಂತ ಬೇಗ ತಣಿಯುತ್ತದೆ, ಕರಾವಳಿಯ ತೇವವೆಲ್ಲ ಅದರ ಮೇಲೆ ಇಳಿಯುತ್ತದೆ. ಸಂಜೆಯವರೆಗೆ ಬೀಸಿದ ಕಡಲಗಾಳಿಯ ಉಪ್ಪು ಅದಾಗಲೇ ಕ್ಯಾನ್ವಾಸಿಗೆ ಅಂಟಿಕೊಂಡಿದ್ದರೆ ತೇವ ಇನ್ನೂ ಬೇಗ ಹಿಡಿಯುತ್ತದೆ. ರಾತ್ರಿ ಎಂಟರ ಹೊತ್ತಿಗೆ ರಿಂಗಿನ ನಡುವೆ ಬಣ್ಣದಲ್ಲಿ ಬರೆದ ತಂಡದ ಚಿಹ್ನೆ ದೀಪದ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ಒಣಗಿದ್ದಾಗ ಬೂಟು ಹಿಡಿಯುವ ಬಟ್ಟೆ, ಬಣ್ಣ ಬಳಿದ ಜಾಗದಲ್ಲಿ ಒದ್ದೆಯಾದರೆ ಪಾಚಿ ಕಟ್ಟಿದ ಕಲ್ಲಿನಂತೆ. ಪರಿಹಾರ ದುಬಾರಿಯದ್ದೇನಲ್ಲ: ರಿಂಗಿನ ಮೇಲೆ ಎತ್ತರಕ್ಕೆ ಒಂದು ಪೆಂಡಾಲ್ ಬಟ್ಟೆ ಎಳೆದರೆ ಇಬ್ಬನಿ ಅದರ ಮೇಲೆ ನಿಲ್ಲುತ್ತದೆ. ಎರಡು ಪಂದ್ಯಗಳ ನಡುವೆ ಒಣ ಟವೆಲಿನಿಂದ ಒರೆಸಲು ಇಬ್ಬರಿದ್ದರೂ ಸಾಕು. ಶನಿವಾರ ಒಬ್ಬನೇ ಹುಡುಗ ಒಂದೇ ಟವೆಲ್ ಹಿಡಿದು ಬಂದ, ಅದೂ ಮೂರನೆಯ ಪಂದ್ಯದ ನಂತರ.

ಒದ್ದೆ ನೆಲ ಯಾಕೆ ಇಷ್ಟು ಅಪಾಯ ಎಂದರೆ, ಈ ಕಲೆ ನಿಂತಿರುವುದೇ ಬೀಳುವ ಕ್ರಮದ ಮೇಲೆ. ಬೆನ್ನ ಮೇಲೆ ಬೀಳುವಾಗ ಗದ್ದ ಎದೆಗೆ ಅಂಟಿರಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಎರಡೂ ಕೈ ಮೈಯಿಂದ ಓರೆಯಾಗಿ ಚಾಚಿ, ಅಂಗೈ ಕೆಳಮುಖವಾಗಿ ಬೆನ್ನಿನ ಮೇಲ್ಭಾಗದ ಜೊತೆಗೇ ನೆಲ ಮುಟ್ಟಬೇಕು. ಪೆಟ್ಟು ಒಂದೇ ಕಡೆ ಬೀಳದೆ ಹರಡಿ ಹೋಗುತ್ತದೆ. ಉಸಿರನ್ನು ಆ ಕ್ಷಣ ಹೊರಬಿಡಬೇಕು. ಮೊಣಕೈ ಊರಿದವನಿಗೆ ಮೊಣಕೈ ಹೋಗುತ್ತದೆ. ಹಗ್ಗಕ್ಕೆ ಓಡುವುದಕ್ಕೂ ಲೆಕ್ಕವಿದೆ: ಮೂರು ಹೆಜ್ಜೆ, ತಿರುಗು, ಬೆನ್ನ ಮೇಲ್ಭಾಗ ಮೇಲಿನ ಹಗ್ಗಕ್ಕೆ, ಒಂದು ಕೈ ಆ ಹಗ್ಗದ ಮೇಲೆ. ಹಗ್ಗ ಅಕಸ್ಮಾತ್ ಸಡಿಲಿದರೆ ಆ ಕೈಯೇ ಕಾಪಾಡುವುದು. ಕಾಲು ಅರ್ಧ ಗೇಣು ಜಾರಿದರೆ ಹೆಜ್ಜೆಯ ಲೆಕ್ಕ ತಪ್ಪುತ್ತದೆ, ಎದುರಾಳಿ ಎತ್ತುವ ಹೊತ್ತಿಗೆ ಎತ್ತಿಸಿಕೊಳ್ಳುವವನು ಜಾಗದಲ್ಲಿ ಇರುವುದಿಲ್ಲ.

ಮೊದಲ ಪಂದ್ಯದಲ್ಲಿ ಆದದ್ದು ಇದೇ. ಇಬ್ಬರೂ ಹಗುರ ಮೈಯವರು, ಚುರುಕು ಹುಡುಗರು. ನೀಲಿ ಮುಖವಾಡದವನು ಮೂಲೆಯ ತುದಿಗೆ ಹತ್ತಿ ಹಿಮ್ಮುಖ ಪಲ್ಟಿ ಹಾಕಲು ಹೋದಾಗ ಒದ್ದೆ ಹಗ್ಗದಿಂದ ಕಾಲು ಜಾರಿ ಸೊಂಟದ ಮೇಲೆ ಬಿದ್ದ. ಅಲ್ಲಿಯವರೆಗೆ ಯಾರದ್ದೂ ತಪ್ಪಲ್ಲ. ತಪ್ಪು ನಂತರದ್ದು: ಎದುರಾಳಿ ಮಲಗಿಯೇ ಕಾದ, ಇವನು ಮತ್ತೆ ಹತ್ತಿ ಅದೇ ಪಲ್ಟಿ ಹಾಕಿದ. ಕೈತಪ್ಪಿದ ಪಟ್ಟನ್ನು ಕೂಡಲೇ ಮತ್ತೆ ಹಾಕಬಾರದು. ಬಿದ್ದವನ ಮೇಲೆ ಎದುರಾಳಿ ಎದ್ದು ಎರಗಿದ್ದರೆ ಜಾರಿದ್ದೇ ಕಥೆಯಾಗುತ್ತಿತ್ತು, ಆ ಸೊಂಟನೋವಿನ ಮೇಲೆಯೇ ಇಡೀ ಪಂದ್ಯ ಕಟ್ಟಬಹುದಿತ್ತು. ಕಾದು ಮಲಗಿದ ಕ್ಷಣಕ್ಕೆ ಹಿಂದಿನ ಸಾಲಿನಿಂದ ನಗು ಕೇಳಿತು, ಆಮೇಲೆ ಅವರ ಯಾವ ಏಟನ್ನೂ ಜನ ನಂಬಲಿಲ್ಲ.

ಎರಡನೆಯದು ನಗಿಸುವ ಪಂದ್ಯ. ಮಕ್ಕಳು ನಕ್ಕರು. ಐದನೆಯದರಲ್ಲಿ ಎಂಟು ಜನ ಒಟ್ಟಿಗೆ. ವಾಲಿದ 18 ಅಡಿ ರಿಂಗಿನಲ್ಲಿ ಎಂಟು ಜನ ಎಂದರೆ ಒಬ್ಬರನ್ನೊಬ್ಬರು ತುಳಿಯುವುದೇ ಆಯಿತು.

ಮೂರನೆಯದು ಹೆಣ್ಣುಮಕ್ಕಳ ಪಂದ್ಯ. ಇಬ್ಬರಲ್ಲಿ ಒಬ್ಬಳು ಮ್ಯಾಟ್ ಕುಸ್ತಿಯಿಂದ ಬಂದವಳೆಂದು ಅವಳು ನಿಂತ ಭಂಗಿಯೇ ಹೇಳುತ್ತಿತ್ತು: ಮೊಣಕಾಲು ಬಾಗಿ, ಕೈ ಮುಂದೆ, ಕಣ್ಣು ಎದುರಾಳಿಯ ಸೊಂಟದ ಮೇಲೆ. ಹಳಿಯಾಳದ ಕುಸ್ತಿ ಕಂಡವರಿರುವ ಈ ಜಿಲ್ಲೆಯಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಡು ನಿಮಿಷದೊಳಗೆ ಕಲಾಜಂಗ್ ಹಾಕಿದಳು. ತೊಡೆ ಸಂದಿಗೆ ಕೈ ಹಾಕಿ, ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಕೆಡವುವ ಅದೇ ಹಳೆಯ ಪಟ್ಟು. ಗ್ಯಾಲರಿಯಿಂದ ಶಿಳ್ಳೆ. ಕಾಲು ನೆಲದಿಂದ ಹೆಚ್ಚು ಮೇಲೇಳದ ಆಟವಾದ್ದರಿಂದ ಒದ್ದೆ ಕ್ಯಾನ್ವಾಸ್ ಇವರನ್ನು ಅಷ್ಟಾಗಿ ಕಾಡಲಿಲ್ಲ. ಏಳು ನಿಮಿಷಕ್ಕೆ ಮುಗಿಸಿದ್ದು ಅನ್ಯಾಯ. ಎರಡನೆಯ ಪಂದ್ಯದಿಂದ ಐದು ನಿಮಿಷ ತೆಗೆದು ಇವರಿಗೆ ಕೊಡಬೇಕಿತ್ತು.

ಇಲ್ಲೇ ಒಂದು ಗೊಂದಲವೂ ಆಯಿತು. ಅಖಾಡದ ಕುಸ್ತಿಯಲ್ಲಿ ಎರಡೂ ಭುಜ ಮಣ್ಣು ಮುಟ್ಟಿದರೆ ಚಿತ್, ಅಲ್ಲಿಗೆ ಆಟ ಮುಗಿಯಿತು. ಇಲ್ಲಿ ಭುಜ ಮುಟ್ಟಿದ ಮೇಲೆ ರೆಫರಿ ಮೂರು ಸಲ ನೆಲ ಬಡಿದು ಎಣಿಸುತ್ತಾನೆ, ಮೂರರೊಳಗೆ ಒಂದು ಭುಜ ಎತ್ತಿದರೆ ಆಟ ಮುಂದುವರಿಯುತ್ತದೆ. ‘ಚಿತ್ ಆತಲ್ರೀ, ಮತ್ಯಾಕ ಎಣಸ್ತಾರ’ ಎಂದು ಮೂರ್ನಾಲ್ಕು ಕಡೆಯಿಂದ ಕೂಗು ಬಂತು. ಮೂರು ಎಣಿಕೆ, ಹಗ್ಗ ಹಿಡಿದವನನ್ನು ಬಿಡಬೇಕು, ಬಿಡದಿದ್ದರೆ ಐದರವರೆಗೆ ಎಣಿಕೆ, ರಿಂಗಿನ ಹೊರಗೆ ಉಳಿದರೆ ಹತ್ತು. ಶುರುವಿಗೆ ನಿರೂಪಕ ಕನ್ನಡದಲ್ಲೂ ಕೊಂಕಣಿಯಲ್ಲೂ ಇಷ್ಟನ್ನು ಹೇಳಿದ್ದರೆ ಒಂದೇ ನಿಮಿಷದ ಕೆಲಸ. ಅವನು ಹಿಂದಿಯಲ್ಲಿ ಹೇಳಿದ್ದು ಬೇರೆ: ಈ ಆಟ ನಮ್ಮ ದೇಶಕ್ಕೆ ಟಿವಿಯಿಂದ ಬಂತು ಎಂದು. ಅದು ತಪ್ಪು. ದಾರಾ ಸಿಂಗ್ ಅಮೆರಿಕದ ಲೂ ಥೆಜ್‌ನನ್ನು ಮುಂಬೈಯಲ್ಲಿ ಸೋಲಿಸಿದ್ದು 1968ರಲ್ಲಿ. ಮುಂಬೈಗೆ ಟಿವಿ ಬಂದದ್ದು 1972ರಲ್ಲಿ. 1956ರವರೆಗೆ ಮುಂಬೈ ರಾಜ್ಯದಲ್ಲೇ ಇದ್ದ ಈ ಜಿಲ್ಲೆಯ ಹಿರಿಯರ ಎದುರು ದಾರಾ ಸಿಂಗ್ ಮತ್ತು ಅವನ ಎದುರಾಳಿ ಪೈಲ್ವಾನ ಕಿಂಗ್ ಕಾಂಗ್ ಹೆಸರು ಎತ್ತಿದ್ದರೆ ಮುಂದಿನ ಸಾಲಿನ ಅಜ್ಜಂದಿರೇ ಉಳಿದದ್ದನ್ನು ಹೇಳುತ್ತಿದ್ದರು.

ನಾಲ್ಕನೆಯದು ಜೋಡಿ ಪಂದ್ಯ, ಇಬ್ಬರ ಮೇಲೆ ಇಬ್ಬರು. ಒಂದು ಕಡೆಯಿಂದ ಒಬ್ಬನೇ ಒಳಗೆ ಆಡಬೇಕು, ಹಗ್ಗದಾಚೆ ನಿಂತ ಗೆಳೆಯ ಬರಬೇಕಾದರೆ ಅವನ ಕೈ ಮುಟ್ಟಬೇಕು. ಇದರ ಕಟ್ಟು ಹಳೆಯದು, ಸರಿಯಾಗಿ ಮಾಡಿದರೆ ಎಂದೂ ಸೋಲದು. ಖಳರ ಜೋಡಿ ಎದುರಾಳಿಗಳಲ್ಲಿ ಒಬ್ಬನನ್ನು ತಮ್ಮ ಮೂಲೆಯಲ್ಲೇ ಕೆಡವಿ ಹಾಕುತ್ತದೆ. ಅವನು ತೆವಳುತ್ತ ಗೆಳೆಯನ ಕೈ ಮುಟ್ಟಲು ಬರುತ್ತಾನೆ, ಇನ್ನೊಂದು ಗೇಣಿರುವಾಗ ಕಾಲು ಹಿಡಿದು ಎಳೆಯುತ್ತಾರೆ. ಎರಡನೆಯ ಸಲ ಕೈ ಮುಟ್ಟುತ್ತಾನೆ, ಆದರೆ ರೆಫರಿ ಬೇರೆ ಕಡೆ ನೋಡುತ್ತಿದ್ದ ಕಾರಣ ಅದು ಲೆಕ್ಕಕ್ಕಿಲ್ಲ. ಮೂರನೆಯ ಸಲ ಮುಟ್ಟಿದಾಗ ಒಳಗೆ ಬಂದವನು ಇಬ್ಬರನ್ನೂ ಒರೆಸಿ ಹಾಕುತ್ತಾನೆ. ಶನಿವಾರ ಆ ತೆವಳುವಿಕೆಗೆ ಪೂರ್ತಿ ನಾಲ್ಕು ನಿಮಿಷ ಕೊಟ್ಟರು. ಆ ನಾಲ್ಕು ನಿಮಿಷದಲ್ಲಿ ದೊಡ್ಡ ಪಟ್ಟು ಒಂದೂ ಇರಲಿಲ್ಲ. ಮಕ್ಕಳು ಕುರ್ಚಿಯ ಮೇಲೆ ನಿಂತಿದ್ದರು. ಖಳರಲ್ಲಿ ದಪ್ಪನೆಯವನು ಮೈಕ್ ಹಿಡಿದು ಕಾರವಾರದ ಬಂಗುಡೆ ನಾರುತ್ತದೆ ಎಂದದ್ದು ಸುಲಭದ ದಾರಿ, ಆದರೂ ಕೆಲಸ ಮಾಡಿತು. ಅವನ ನಿಜವಾದ ಕೌಶಲ ಬೇರೆ: ಜನ ಬೈದಾಗ ಹಾಗೇ ನಿಂತು, ಬೈಗುಳ ತಣಿಯುವ ಮೊದಲು ಮುಂದಿನ ಏಟು ಹಾಕುತ್ತಿದ್ದ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ರಾಕ್ಷಸ ವೇಷ ಒಮ್ಮೆಲೇ ರಂಗಕ್ಕೆ ನುಗ್ಗುವುದಿಲ್ಲ. ಚಂಡೆಯ ಅಬ್ಬರ, ತೆರೆಯ ಮರೆ, ಅಬ್ಬರದ ಕೂಗು, ಆಮೇಲೆ ಮುಖ. ಯುದ್ಧದ ಕುಣಿತದಲ್ಲಿ ಬಾಣ ಯಾರಿಗೂ ತಾಗುವುದಿಲ್ಲ, ಪ್ರಸಂಗದಲ್ಲಿ ಯಾರು ಸಾಯುತ್ತಾರೆಂಬುದು ಎಲ್ಲರಿಗೂ ಗೊತ್ತು, ಆದರೂ ಬೆಳಗಿನವರೆಗೆ ಕೂರುತ್ತೇವೆ. ಪೆಟ್ಟು ಬಿದ್ದವನು ಆ ಪೆಟ್ಟನ್ನು ಎಷ್ಟು ಹೊತ್ತು ಹೊರುತ್ತಾನೆ ಎಂಬುದರ ಮೇಲೆ ರೆಸ್ಲಿಂಗಿನ ಬೆಲೆಯೂ ನಿಂತಿದೆ.

ಕೊನೆಯ ಪಂದ್ಯದ ಇಬ್ಬರಿಗೆ ಅದು ಗೊತ್ತಿತ್ತು. ಒಬ್ಬ ನೂರು ಕಿಲೋ ದಾಟಿದ ಆಳು, ಇನ್ನೊಬ್ಬ ಎಪ್ಪತ್ತರ ಆಸುಪಾಸು. ಸಣ್ಣವನು ಶುರುವಿನಲ್ಲೇ ದೊಡ್ಡವನ ಎಡ ಮೊಣಕಾಲನ್ನು ಆರಿಸಿಕೊಂಡ. ಆರನೆಯ ನಿಮಿಷದಲ್ಲಿ ಅದನ್ನು ಕಂಬಕ್ಕೆ ಸುತ್ತಿ ತಿರುಚಿದ ಮೇಲೆ ದೊಡ್ಡವನು ಇಪ್ಪತ್ತೆರಡನೆಯ ನಿಮಿಷದವರೆಗೂ ಆ ಕಾಲನ್ನು ಮರೆಯಲಿಲ್ಲ. ಎದುರಾಳಿಯನ್ನು ತಲೆಯೆತ್ತರಕ್ಕೆ ಎತ್ತಿದ, ಮೊಣಕಾಲು ಕುಸಿಯಿತು, ಇಳಿಸಿದ. ಎದೆಗೆ ಅಂಗೈಯೇಟು ಕೊಡುವಾಗಲೂ ಭಾರವೆಲ್ಲ ಬಲಗಾಲ ಮೇಲೆ. ಆ ಅಂಗೈಯೇಟಿನಲ್ಲಿ ನಟನೆ ಇಲ್ಲ. ಕೈ ಅಗಲಿಸಿ ಎದೆಯ ಮಾಂಸಖಂಡದ ಮೇಲೆ ಹೊಡೆಯುವುದು, ಕುತ್ತಿಗೆಗೂ ಮೂಳೆಗೂ ತಾಗದಂತೆ. ಸಣ್ಣವನ ಎದೆ ಕೊನೆಗೆ ಕೋಕಂ ಬಣ್ಣಕ್ಕೆ ತಿರುಗಿತ್ತು. ಒದ್ದೆ ನೆಲವನ್ನೂ ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು: ಹಗ್ಗಕ್ಕೆ ಓಡಿದ್ದು ಮೂರೇ ಸಲ, ಮೂಲೆ ಹತ್ತಿದ್ದು ಒಂದೇ ಸಲ, ಅದೂ ಕೆಳಗಿಳಿಯದೆ ಉಳಿದ ಮೂಲೆ. ಒಂದೇ ಆಕ್ಷೇಪ: ಎರಡೂಮುಕ್ಕಾಲಕ್ಕೆ, ಅಂದರೆ ರೆಫರಿಯ ಕೈ ಮೂರನೆಯ ಸಲ ನೆಲ ಬಡಿಯುವ ಕ್ಷಣಕ್ಕೆ ಮುಂಚೆ, ಭುಜ ಎತ್ತುವುದನ್ನು ಮೂರು ಸಲ ಮಾಡಿದಾಗ ಬಯಲೇ ಹೋ ಎಂದಿತು, ನಾಲ್ಕನೆಯ ಸಲಕ್ಕೆ ಜನ ಎದ್ದು ಚಪ್ಪಲಿ ಹುಡುಕತೊಡಗಿದರು.

ರೆಫರಿಯ ಬಗ್ಗೆ ಎರಡು ಮಾತು ಬೇಕೇ ಬೇಕು. ಅವನು ನೆಲ ಬಡಿಯುವ ಲಯ ಆರೂ ಪಂದ್ಯದಲ್ಲಿ ಒಂದೇ ಆಗಿತ್ತು, ಹಾಗಾಗಿಯೇ ಎರಡೂಮುಕ್ಕಾಲು ಎಂಬುದಕ್ಕೆ ಅರ್ಥ ಬಂತು. ಬಿದ್ದವನ ಕೈ ಹಿಡಿದು ಹಿಚುಕಿ ನೋಡುತ್ತಿದ್ದ. ತಿರುಗಿ ಹಿಚುಕಿದರೆ ಆಡುವವನು ಸರಿಯಿದ್ದಾನೆ ಎಂದು. ಐದನೆಯ ಪಂದ್ಯದಲ್ಲಿ ಒಬ್ಬ ಹೊರಗೆ ಬಿದ್ದು ಭುಜ ಹಿಡಿದುಕೊಂಡಾಗ ರೆಫರಿ ಎರಡೂ ಕೈ ತಲೆಯ ಮೇಲೆ ಅಡ್ಡಡ್ಡ ಹಿಡಿದ. ಇದು ನಿಜವಾದ ಗಾಯ ಎಂಬ ಸಂಕೇತ, ಆಟದ ಭಾಗವಲ್ಲ. ರಿಂಗಿನ ಬಳಿ ಸ್ಟ್ರೆಚರ್ ಇರಲಿಲ್ಲ. ಆಂಬುಲೆನ್ಸ್ ಗೇಟಿನ ಹೊರಗಿತ್ತು, ಅದರ ಮುಂದೆ ಎರಡು ಸಾಲು ಬೈಕ್ ನಿಂತಿದ್ದವು. ಹುಡುಗ ನಡೆದೇ ಹೋದ. ಕುತ್ತಿಗೆಯ ಪೆಟ್ಟಾಗಿದ್ದರೆ ಅವನನ್ನು ನಡೆಸುವಂತೆಯೇ ಇರಲಿಲ್ಲ. ರಿಂಗಿನಿಂದ ರಸ್ತೆಯವರೆಗೆ ಆಂಬುಲೆನ್ಸ್ ಹಿಡಿಸುವಷ್ಟು ಅಗಲದ ದಾರಿ ಖಾಲಿ ಬಿಡದೆ ಯಾವ ತಂಡವೂ ಗಂಟೆ ಬಾರಿಸಬಾರದು, ಯಾವ ಊರಿನವರೂ ಅದಕ್ಕೆ ಮೈದಾನ ಕೊಡಬಾರದು.

ಹಗ್ಗದ ಬಗ್ಗೆಯೂ ತಂಡ ಕಿವಿಗೊಡಲಿ. ಮೂರು ಹಗ್ಗ, ನಾಲ್ಕು ಮೂಲೆ, ಹಗ್ಗವನ್ನು ಕಂಬಕ್ಕೆ ಜಗ್ಗಿ ಬಿಗಿಯುವ ತಿರುಪು ಕೊಂಡಿ, ಅಂದರೆ ಟರ್ನ್‌ಬಕಲ್, ಒಟ್ಟು ಹನ್ನೆರಡು. ನೈಲಾನ್ ತೇವಕ್ಕೆ ಹಿಗ್ಗುತ್ತದೆ, ಸೆಣಬಿನಂಥ ನಾರಿನ ಹಗ್ಗ ತೇವಕ್ಕೆ ಬಿಗಿಯುತ್ತದೆ. ಯಾವುದನ್ನು ಬಳಸಿದರೂ ಸಂಜೆ ಬಿಗಿದ ಅಳತೆ ರಾತ್ರಿಗೆ ಉಳಿಯುವುದಿಲ್ಲ. ಪ್ರತಿ ಎರಡು ಪಂದ್ಯಕ್ಕೊಮ್ಮೆ ಹನ್ನೆರಡನ್ನೂ ಮುಟ್ಟಿ ನೋಡಬೇಕು. ಉಪ್ಪುಗಾಳಿಗೆ ಅವುಗಳ ತಿರುಪು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಹಾಗಾಗಿ ಊರು ಬಿಡುವ ಮುಂಚೆ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಬೇಕು. ಕ್ಯಾನ್ವಾಸಿಗೂ ಸಿಹಿನೀರಿನ ತೊಳೆತ ಬೇಕು, ಇಲ್ಲದಿದ್ದರೆ ಈ ಉಪ್ಪು ಘಟ್ಟ ಹತ್ತಿ ಶಿರಸಿಯ ಚಳಿಯಲ್ಲೂ ಇಬ್ಬನಿ ಕುಡಿಯುತ್ತದೆ.

ನೋಡಲು ಹೋಗುವವರಿಗೆ: 500 ರೂಪಾಯಿಯ ಮುಂದಿನ ಕುರ್ಚಿಗಿಂತ 200 ರೂಪಾಯಿಯ ಮೆಟ್ಟಿಲು ಸಾಲು ಮೇಲು. ರಿಂಗಿನ ನೆಲ ಎದೆಯೆತ್ತರಕ್ಕಿರುವುದರಿಂದ ಮುಂದೆ ಕೂತವರಿಗೆ ಮಲಗಿ ಆಡುವ ಆಟ ಅರ್ಧವೂ ಕಾಣದು. ಸಮುದ್ರಕ್ಕೆ ಬೆನ್ನು ಹಾಕುವ ಬದಿ ಹಿಡಿಯಿರಿ; ಧ್ವನಿವರ್ಧಕಗಳೆಲ್ಲ ಆ ಕಡೆಗೇ ತಿರುಗಿದ್ದವು, ಹೆದ್ದಾರಿಯ ಬದಿಗೆ ಲಾರಿ ಸದ್ದೇ ಹೆಚ್ಚು. ಕುರ್ಚಿ ಒರೆಸಲು ಒಂದು ಪಂಜಿ ಇರಲಿ. ಅಂಕೋಲಾ, ಕುಮಟಾ ಕಡೆಗೆ ಹೋಗುವವರು ಕೊನೆಯ ಬಸ್ಸಿನ ಹೊತ್ತನ್ನು ನಿಲ್ದಾಣದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಮುಖ್ಯ ಪಂದ್ಯ ಶುರುವಾದದ್ದೇ ರಾತ್ರಿ ಒಂಬತ್ತೂವರೆಯ ನಂತರ.