ಮೂರು ವರ್ಷ, ದಿನಕ್ಕೊಂದು ಸೂಜಿ: ಮಗಳ ಗ್ರೋತ್ ಹಾರ್ಮೋನ್ ಪೆನ್ನು

ಮಗಳಿಗೆ ಎಂಟು ತುಂಬಿದಾಗ ಎತ್ತರ 110 ಸೆಂ.ಮೀ. ಮಾತುಂಗದಲ್ಲಿ ನಾದಿನಿಯ ಮದುವೆಗೆ ಹೋದರೆ ಎಲ್ಲರೂ "ಯುಕೆಜಿನಾ ಪುಟ್ಟಿ?" ಅಂತಲೇ ಕೇಳಿದ್ದು. ಡಾಕ್ಟರು ಎಲುಬಿನ ಬೆಳವಣಿಗೆ ನೋಡಲು ಎಡಗೈ ಎಕ್ಸ್‌ರೇ ತೆಗೆಸಿದರು, ಹಾರ್ಮೋನ್ ಏರುತ್ತದಾ ಅಂತ ನೋಡಲು ಕ್ಲೋನಿಡಿನ್ ಅನ್ನುವ ಔಷಧಿ ಕೊಟ್ಟು ಅರ್ಧರ್ಧ ಗಂಟೆಗೊಮ್ಮೆ ರಕ್ತ ತೆಗೆದರು. ಮಗು ಅಷ್ಟೂ ಹೊತ್ತು ನಿದ್ದೆ. ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನ್ ಸಾಲುತ್ತಿಲ್ಲ ಅಂತ ಗೊತ್ತಾಯಿತು. ಅಂದಿನಿಂದ ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಊಟ, ಹಲ್ಲುಜ್ಜುವುದು, ಆಮೇಲೆ ಹಾರ್ಮೋನ್ ಚುಚ್ಚುವ ಪೆನ್ನು. ಇಷ್ಟರಲ್ಲಿ ಎರಡು ಬ್ರ್ಯಾಂಡ್ ಬಳಸಿದ್ದೇವೆ, ಹೆಸರು ಬೇಡ.

ಫಲಿತಾಂಶ ಮೊದಲು ಹೇಳಿಬಿಡುತ್ತೇನೆ. ವರ್ಷಕ್ಕೆ ನಾಲ್ಕು ಸೆಂ.ಮೀ. ಬೆಳೆಯುತ್ತಿದ್ದವಳು ಮೊದಲ ವರ್ಷ ಒಂಬತ್ತೂವರೆ ಬೆಳೆದಳು, ಎರಡನೇ ವರ್ಷ ಏಳು, ಈ ವರ್ಷ ಆರು. ಮೊದಲ ವರ್ಷದ ಜಿಗಿತ ಆಮೇಲೆ ಇರುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ಮೊದಲ ಬ್ರ್ಯಾಂಡಿನ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ "191" ಅಂತಿತ್ತು. ಅದಕ್ಕೇ ಬೆಲೆ ಜಾಸ್ತಿ ಅಂತ ನಂಬಿ ಒಂದು ವರ್ಷ ದುಡ್ಡು ಸುರಿದೆ. ಆಮೇಲೆ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ಬಿಡಿಸಿ ಹೇಳಿದರು. ನಮ್ಮ ಮೈಯಲ್ಲಿ ಈ ಹಾರ್ಮೋನ್ ಒಂದೇ ರೂಪದಲ್ಲಿ ಇರುವುದಿಲ್ಲವಂತೆ. ಹೆಚ್ಚಿನ ಪಾಲು 191 ಅಮೈನೋ ಆಮ್ಲಗಳ 22 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ರೂಪ. ಅದೇ ಜೀನ್‌ನಿಂದ ನಡುವಿನ 15 ಅಮೈನೋ ಆಮ್ಲ ಬಿಟ್ಟು 176ರದ್ದೊಂದು ಸಣ್ಣ ರೂಪವೂ ಆಗುತ್ತದೆ, 20 ಕಿಲೋಡಾಲ್ಟನ್ನಿನದು. ಒಂದೇ ಹಿಟ್ಟಿಂದ ದೋಸೆಯೂ ಗುಳಿಯಪ್ಪವೂ ಆದ ಹಾಗೆ ಅಂದುಕೊಂಡೆ ನಾನು. ಎರಡೆರಡು ಅಂಟಿಕೊಂಡ ಜೋಡಿಗಳೂ ರಕ್ತದಲ್ಲಿ ಓಡಾಡುತ್ತವೆ. ಬಸುರಿಯಲ್ಲಂತೂ ಮಾಸು ಬೇರೆಯೇ ಜೀನ್‌ನಿಂದ ತನ್ನದೇ ಒಂದು ಬಗೆ ತಯಾರಿಸುತ್ತದೆ. ಇವಳು ಹೊಟ್ಟೆಯಲ್ಲಿದ್ದಾಗ ನನ್ನೊಳಗೆ ಅಷ್ಟೆಲ್ಲ ನಡೆದಿತ್ತು ಅಂತ ಗೊತ್ತಾಗಿ ನಗು ಬಂತು.

ಪೆನ್ನಿನಲ್ಲಿರುವುದು ಮಾತ್ರ 22ರದ್ದೊಂದೇ, ಯಾವ ಕಂಪನಿಯ ಸೊಮಾಟ್ರೊಪಿನ್ (ಈ ಔಷಧಿಯ ಹೆಸರು) ಆದರೂ ಅದೇ. 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಕೃತಕ ಹಾರ್ಮೋನಿನಲ್ಲಿ ಮೆಥಿಯೊನಿನ್ ಅನ್ನುವ ಒಂದು ಅಮೈನೋ ಆಮ್ಲ ಹೆಚ್ಚಿತ್ತು, ಒಟ್ಟು 192. ಆ ಕಾಲಕ್ಕೆ 191 ಅಂತ ಹೇಳಿಕೊಳ್ಳುವುದರಲ್ಲಿ ಅರ್ಥವಿತ್ತು. ಈಗ ಅದು ಉಪ್ಪಿನ ಪೊಟ್ಟಣದ ಮೇಲೆ "ಉಪ್ಪಾಗಿದೆ" ಅಂತ ಬರೆದ ಹಾಗೆ. ನಾನು ಕಡಿಮೆ ಬೆಲೆಯದಕ್ಕೆ ಬದಲಾಯಿಸಿದೆ, ಡಾಕ್ಟರನ್ನು ಕೇಳಿಯೇ. ಹಾರ್ಮೋನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಐಜಿಎಫ್-1 ರಕ್ತಪರೀಕ್ಷೆಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ.

ಬದಲಾಯಿಸಿದ ವಾರವೇ ಎಡವಟ್ಟಾಯಿತು. ಹಳೆಯ ಪೆನ್ನಿನ ಲೆಕ್ಕ ಮಿಲಿಗ್ರಾಂನಲ್ಲಿ, ಹೊಸತರದ್ದು ಐಯುನಲ್ಲಿ (ಇಂಟರ್‌ನ್ಯಾಷನಲ್ ಯೂನಿಟ್). ಒಂದು ಮಿಲಿಗ್ರಾಂ ಅಂದರೆ ಮೂರು ಐಯು. ಆಗ ನಮ್ಮ ಡೋಸ್ 0.6 ಮಿಲಿಗ್ರಾಂ, ಅಂದರೆ 1.8 ಐಯುಗೆ ತಿರುಗಿಸಬೇಕಿತ್ತು. ಮೆಡಿಕಲ್‌ನವರು "ಅದೇ ನಂಬರ್ ಇಡಿ ಮೇಡಂ" ಅಂದರು, ನಾನೂ ಇಟ್ಟೆ. ನಾಲ್ಕು ರಾತ್ರಿ ಮೂರರಲ್ಲೊಂದು ಪಾಲು ಮಾತ್ರ ಹೋಯಿತು. "ಅಮ್ಮಾ, ಇವತ್ತು ಬೇಗ ಮುಗೀತಲ್ಲ" ಅಂತ ಮಗಳೇ ಹೇಳಿದ್ದಕ್ಕೆ ಗೊತ್ತಾಯಿತು.

ಇನ್ನೊಂದು ನಷ್ಟ ನನ್ನದೇ ತಪ್ಪು. ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಮೇ ತಿಂಗಳ ಸೆಕೆಗೆ ಹೆದರಿ ಫ್ರಿಜ್ಜನ್ನು ಜೋರು ಮಾಡಿ ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕಾರ್ಟ್ರಿಡ್ಜ್ ಒಳಗೆ ಐಸು. ಕರಗಿದ ಮೇಲೆ ತಿಳಿಯಾಗಿ ಕಂಡರೂ ಬಳಸುವಂತಿಲ್ಲ: ಹೆಪ್ಪುಗಟ್ಟಿದರೆ ಪ್ರೋಟೀನ್ ಕೆಟ್ಟು ಗಂಟುಗಟ್ಟಬಹುದು. ಈಗ ಬಾಗಿಲಿನ ಹತ್ತಿರದ ತಟ್ಟೆಯಲ್ಲಿ, ಥರ್ಮಾಮೀಟರ್ ಪಕ್ಕದಲ್ಲಿ ಇಡುತ್ತೇನೆ. ಮತ್ಸ್ಯಗಂಧದಲ್ಲಿ ಉಡುಪಿಗೆ ಹೋಗುವಾಗ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ, ಪೆನ್ನಿಗೆ ನೇರ ತಾಗದ ಹಾಗೆ ಒಯ್ಯುತ್ತೇನೆ.

ನಮ್ಮ ಬಿಲ್ಡಿಂಗಿನ ಜಿಮ್ ಹುಡುಗನೊಬ್ಬ ಮೈ ಬೆಳೆಸಲು "ಆಂಟಿ, ಉಳಿದದ್ದಿದ್ದರೆ ಕೊಡಿ" ಅಂತ ಕೇಳಿದ್ದ. ಹೊರಗಿನಿಂದ 22 ತುಂಬಿದರೆ ಸ್ವಂತ ಪಿಟ್ಯುಟರಿ ಸುಮ್ಮನಾಗಿ ಉಳಿದ ರೂಪಗಳೆಲ್ಲ ಇಳಿಯುತ್ತವೆ, ಆ ಪ್ರಮಾಣ ನೋಡಿಯೇ 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಕದ್ದು ಇದನ್ನು ಚುಚ್ಚಿಕೊಳ್ಳುವ ಕ್ರೀಡಾಪಟುಗಳನ್ನು ಹಿಡಿಯಲು ಹೊರಟಿದ್ದಾರೆ ಅಂದೆ. ಆಮೇಲೆ ಲಿಫ್ಟಿನಲ್ಲಿ ಸಿಕ್ಕರೂ ಮಾತಿಲ್ಲ.

ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ಆ ಐಯು, ಮಿಲಿಗ್ರಾಂ ಗೊಂದಲಕ್ಕೆ. ಸೂಜಿ ನೋವು ಮಾಡುತ್ತಾ ಅಂತ ಕೇಳುವವರಿಗೆ: ಮಗಳು ಈಗ ತಾನೇ ಚುಚ್ಚಿಕೊಳ್ಳುತ್ತಾಳೆ, ಟಿವಿ ನೋಡುತ್ತಾ.