ಖಾಲಿ ಬ್ಯಾಗೇ 1.6 ಕೆಜಿ!
ನಮ್ಮಲ್ಲಿ ದೇಶದೊಳಗಿನ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯವಾಗಿ 7 ಕೆಜಿ ಮಿತಿ. ನಾನು ಕೊಂಡ 40 ಲೀಟರ್ ಬ್ಯಾಗ್ ಖಾಲಿ ಇದ್ದಾಗಲೇ 1.6 ಕೆಜಿ. ಅಂಗಡಿಯಲ್ಲಿ ತೂಕ ಕೇಳಲೇ ಇಲ್ಲ, ತಪ್ಪು ನನ್ನದೇ.

ಆದರೆ ಇದು ಸೂಟ್‌ಕೇಸ್ ಥರ ಪೂರ್ತಿ ತೆರೆದುಕೊಳ್ಳುತ್ತದೆ. ತಳದಲ್ಲಿರುವ ಚಾರ್ಜರ್‌ಗಾಗಿ ಬಟ್ಟೆಯೆಲ್ಲ ಕೆದಕಬೇಕಿಲ್ಲ. ದೆಹಲಿಯ ಆರು ದಿನಕ್ಕೆ ಮೂರು ಅಂಗಿ, ಒಂದು ಜೀನ್ಸ್, ಲ್ಯಾಪ್‌ಟಾಪ್, ಜೊತೆಗೆ ಅಮ್ಮ ತುರುಕಿದ ಚಟ್ನಿಪುಡಿ ಡಬ್ಬಿ ಎಲ್ಲ ಹಿಡಿಸಿತು. ಸೊಂಟದ ಪಟ್ಟಿ ಬಿಗಿದರೆ ಹೆಗಲಿಗೆ ಭಾರವೇ ಗೊತ್ತಾಗುವುದಿಲ್ಲ.

ಬ್ಯಾಗ್ ತುಂಬಿದರೆ ಮಾತ್ರ ಪಕ್ಕದ ಜೇಬಿಗೆ ನೀರಿನ ಬಾಟಲಿ ಇಳಿಯುವುದಿಲ್ಲ. ಎದೆಪಟ್ಟಿಯ ಕೊಕ್ಕೆಯಂತೂ ಮೂರನೇ ದಿನಕ್ಕೇ ಪಟ್ ಅಂತ ಮುರಿಯಿತು. ಪಹಾಡ್‌ಗಂಜ್‌ನಲ್ಲಿ ಚಪ್ಪಲಿ ಹೊಲಿಯುವವರೊಬ್ಬರು 30 ರೂಪಾಯಿಗೆ ಬೇರೆ ಹಾಕಿಕೊಟ್ಟರು. ಅದು ಇನ್ನೂ ಗಟ್ಟಿಯಾಗಿದೆ.