ಹಳೇ ಸ್ಪೀಕರ್ ಪೆಟ್ಟಿಗೆಗೆ ಹೊವಾರ್ಡ್ ರಿಸ್ಟೋರ್-ಎ-ಫಿನಿಶ್: ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯೋದಿಲ್ಲ

ಡಬ್ಬಿ ನೋಡಿದರೆ ಹೊಸ ಪಾಲಿಶ್ ಅನ್ನಿಸುತ್ತದೆ, ಆದರೆ ಅಲ್ಲ. ಇದು ಬಣ್ಣ ಬೆರೆಸಿದ ದ್ರಾವಕ. ವೆನೀರ್ (ಪೆಟ್ಟಿಗೆಗೆ ಅಂಟಿಸಿದ ತೆಳು ಮರದ ಹಾಳೆ) ಮೇಲೆ ಮೊದಲೇ ಇರುವ ಲ್ಯಾಕರ್ ಅಥವಾ ಅರಗಿನ ಪಾಲಿಶ್ (ಶೆಲ್ಯಾಕ್) ಅನ್ನು ತುಸು ಮೆತ್ತಗೆ ಮಾಡಿ ಸಣ್ಣ ಗೀರು, ಲೋಟ ಇಟ್ಟು ಬಿದ್ದ ಬಿಳಿ ಉಂಗುರಗಳನ್ನು ಮರೆಮಾಡುತ್ತದೆ. ಪಾಲಿಶ್ ಪೂರ್ತಿ ಹೋದ ಕಡೆ ಇದು ಹೊಸ ಪಾಲಿಶ್ ಕೊಡದು.

ಹಾಗಾಗಿ ಮೊದಲು ಪೆಟ್ಟಿಗೆಯ ತಳದಲ್ಲಿ ಪರೀಕ್ಷೆ ಮಾಡಿ. ಹತ್ತಿಯಲ್ಲಿ ಸ್ಪಿರಿಟ್ ಒತ್ತಿದಾಗ ಅಂಟಂಟಾದರೆ ಅರಗು. ಅದಕ್ಕೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುತೇಕ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್‌ನಂಥ ಗಟ್ಟಿ ವಾರ್ನಿಷ್. ಅದರ ಮೇಲೆ ಇದು ಹಿಡಿಯೋದಿಲ್ಲ. ಒಂದೇ ಚಿತ್ತಾರ ಮತ್ತೆ ಮತ್ತೆ ಕಂಡರೆ ಅದು ಮರವೇ ಅಲ್ಲ, ವಿನೈಲ್ ಹಾಳೆ. ಜೆಬಿಎಲ್ ಎಲ್100ರಂಥ, ಎಣ್ಣೆ ಹಚ್ಚಿ ಮುಗಿಸಿದ 1970ರ ದಶಕದ ವಾಲ್‌ನಟ್ ಪೆಟ್ಟಿಗೆಗಳಿಗೆ ಮರಕ್ಕೆ ಹೀರಿಸುವ ಡ್ಯಾನಿಷ್ ಆಯಿಲ್ಲೇ ಸರಿ.

ಮುಂದಿನದು ಶುಚಿ, ಮತ್ತು ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯಿಂದ ಮರದ ಎಳೆಯ ಗುಂಟ ಒರೆಸಿ. ಬಟ್ಟೆಗೆ ಕಂದು ಕೊಳೆ ಬರುವುದು ನಿಲ್ಲುವವರೆಗೂ ಬಟ್ಟೆ ಬದಲಾಯಿಸುತ್ತಿರಿ. ಎಷ್ಟೋ ಪೆಟ್ಟಿಗೆಗಳಿಗೆ ಇಷ್ಟಾದ ಮೇಲೆ ಮೇಣ ತಿಕ್ಕಿದರೆ ಸಾಕು, ಈ ಡಬ್ಬಿಯೇ ಬೇಡ. ಎದ್ದ ಅಂಚುಗಳನ್ನೂ ಈಗಲೇ ಕೂರಿಸಿ: ಸಿರಿಂಜ್‌ನಲ್ಲಿ ಫೆವಿಕಾಲ್ ಬಿಟ್ಟು, ಮೇಲೆ ಬಟರ್ ಪೇಪರ್, ಅದರ ಮೇಲೆ ಮರದ ತುಂಡು, ಕ್ಲಾಂಪ್ ಬಿಗಿದು ಒಂದು ರಾತ್ರಿ. ಹೊರಬಂದ ಅಂಟನ್ನು ತಕ್ಷಣ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಆ ಜಾಗ ಬಣ್ಣ ಹೀರದೆ ಮಚ್ಚೆಯಾಗಿ ಉಳಿಯುತ್ತದೆ.

ಇನ್ನು ಹಚ್ಚುವುದು. ಹೆಚ್ಚಿನವರು ಹೇಳುವುದು 0000 ಸ್ಟೀಲ್ ವೂಲ್, ಅಂದರೆ ತೀರ ನಯವಾದ ಉಕ್ಕಿನ ನಾರು. ಡಬ್ಬಿಯ ಸೂಚನೆಯಲ್ಲೂ ಅದಿದೆ, ಕುರ್ಚಿ ಮೇಜಿಗೆ ಸರಿ. ಸ್ಪೀಕರ್‌ಗೆ ಮಾತ್ರ ಅಪಾಯ: ಉದುರುವ ಕಬ್ಬಿಣದ ಪುಡಿಯನ್ನು ಸದ್ದು ಹೊರಡಿಸುವ ಭಾಗವಾದ ಡ್ರೈವರ್‌ನ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಅದು ವಾಯ್ಸ್ ಕಾಯಿಲ್ (ಒಳಗೆ ಅಲುಗುವ ತಂತಿ ಸುರುಳಿ) ಸಂದಿಗೆ ಸೇರಿದರೆ ಶುರುವಾಗುವ ಕರಕರ ಸದ್ದು ಸುಲಭಕ್ಕೆ ಹೋಗದು. ಡ್ರೈವರ್ ಬಿಚ್ಚಿ ಬೇರೆ ಕೋಣೆಯಲ್ಲಿಡಿ, ಇಲ್ಲವೇ ಬೂದು ಬಣ್ಣದ ನಯವಾದ ಸಿಂಥೆಟಿಕ್ ಪ್ಯಾಡ್ ಬಳಸಿ. ಪ್ಯಾಡ್ ಅನ್ನು ಈ ದ್ರಾವಕದಲ್ಲೇ ಒದ್ದೆ ಮಾಡಿ ಎಳೆಯ ಗುಂಟ ಹಗುರಾಗಿ ತಿಕ್ಕಿ, ಒಂದು ಬದಿ ಮುಗಿದ ಕೂಡಲೇ ಬಟ್ಟೆಯಿಂದ ಒರೆಸಿ. ಮೂಲೆಗಳಲ್ಲಿ ಜೋರು ಬೇಡ. ವೆನೀರ್ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ, ಉಪ್ಪುಕಾಗದವನ್ನಂತೂ ಮುಟ್ಟಲೇಬೇಡಿ.

ಬಣ್ಣ ಆರಿಸುವಲ್ಲಿ ಹೆಚ್ಚು ಜನ ಎಡವುತ್ತಾರೆ. ಪಾಲಿಶ್ ಕಿತ್ತುಹೋದ ಅಂಚುಗಳು ಬಣ್ಣವನ್ನು ಗಟಗಟ ಕುಡಿದು, ಪೆಟ್ಟಿಗೆಗೆ ಕಾಡಿಗೆ ಎಳೆದಂತೆ ಕಪ್ಪಾಗುತ್ತವೆ. ಡಾರ್ಕ್ ವಾಲ್‌ನಟ್ ಬೇಕೆನಿಸಿದರೆ ಅದಕ್ಕಿಂತ ತಿಳಿಯಾದ ವಾಲ್‌ನಟ್ ತೆಗೆದುಕೊಳ್ಳಿ. ಗೀರು ಕಡಿಮೆಯಿದ್ದರೆ ಬಣ್ಣವಿಲ್ಲದ ನ್ಯೂಟ್ರಲ್ ಇನ್ನೂ ಕ್ಷೇಮ.

ಒಂದು ದಿನ ಒಣಗಲು ಬಿಟ್ಟು ಮೇಣ ತಿಕ್ಕಿ. ಇಲ್ಲದಿದ್ದರೆ ಬಂದ ಹೊಳಪು ಬೇಗ ಇಳಿಯುತ್ತದೆ. ಪುಸ್ತಕದ ಕಪಾಟಿನಲ್ಲಿ ಕೂರುವಂಥ ಒಂದು ಜೋಡಿಗೆ 8 ಔನ್ಸ್ ಡಬ್ಬಿಯೇ ಧಾರಾಳ, 16 ಔನ್ಸಿನದು ದಂಡ.